ಹುಡುಗನ ವಯಸ್ಸನ್ನು ಮುಟ್ಟಬೇಡ

ತಮ್ಮಾ, ನಿನ್ನ ತಮ್ಮನ ಆಧಾರ್ ಕಾರ್ಡಿನಲ್ಲಿ ಒಂದು ವರ್ಷ ಏರಿಸಿಕೊಡುವವರು ಯಾರಾದರೂ ಗೊತ್ತಾ ಮೇಷ್ಟ್ರೇ ಎಂದು ನೀನು ಕೇಳಿದಾಗ ನಾನು ಸುಮ್ಮನಾದೆ. ಸಿಟ್ಟು ಬಂದು ಅಲ್ಲ. ಅದು ಮೆಟ್ಟಿಲ ಮೇಲೆ ನಿಂತು ಆಡಿ ಮುಗಿಸುವ ಮಾತಲ್ಲ, ಅದಕ್ಕೆ. ಊರಿನಿಂದ ಹುಡುಗ ಬಂದಿದ್ದಾನೆ. ಪಿಯುಸಿಯಲ್ಲಿ ಎರಡು ಸಬ್ಜೆಕ್ಟ್ ಹೋಗಿದೆ, ರೂಮಿನಲ್ಲಿ ಖಾಲಿ ಕೂತಿದ್ದಾನೆ. ಹದಿನೆಂಟು ತುಂಬದೆ ಗೇಟ್ ಪಾಸ್ ಕೊಡುವುದಿಲ್ಲ ಎಂದು ಕಂಟ್ರಾಕ್ಟರು ಹೇಳಿದ್ದಾನೆ. ಇನ್ನು ಏಳೆಂಟು ತಿಂಗಳು ತಾನೇ ಎಂದು ನಿನಗೆ ಅನ್ನಿಸಿದೆ. ನಿನ್ನ ಕಷ್ಟ ನನಗೆ ಅರ್ಥವಾಗುತ್ತದೆ ಕಣಪ್ಪಾ. ಆದರೂ ಹೇಳುತ್ತೇನೆ ಕೇಳು. ಆ ಏಳೆಂಟು ತಿಂಗಳು ಹುಡುಗನಿಗೆ ಕಾನೂನು ಕೊಟ್ಟಿರುವ ಕಾವಲು. ಅದನ್ನು ನಿನ್ನ ಕೈಯಾರೆ ಕಿತ್ತುಹಾಕಬೇಡ.

ನಿನಗೆ ರೂಮು ಬಾಡಿಗೆಗೆ ಕೊಟ್ಟಿರುವ ನಾನು ಇದೇ ಬಿಡದಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಮೇಷ್ಟ್ರಾಗಿ, ಕೊನೆಗೆ ಹೆಡ್‌ಮಾಸ್ಟರಾಗಿ ಇದ್ದವನು. ಶಾಲೆಯ ದಾಖಲಾತಿ ರಿಜಿಸ್ಟರಿನಲ್ಲಿ ಮಗುವಿನ ಹುಟ್ಟಿದ ದಿನವನ್ನು ಮೊದಲು ಅಂಕಿಯಲ್ಲಿ ಬರೆಯಬೇಕು, ಪಕ್ಕದಲ್ಲೇ ಅಕ್ಷರದಲ್ಲೂ ಬರೆಯಬೇಕು. ಕೆರೆದು ತಿದ್ದುವ ಹಾಗಿಲ್ಲ. ಜನನ ಪತ್ರವಿಲ್ಲದೆ ಬಂದ ತಾಯಂದಿರು ಮಾರಮ್ಮನ ಹಬ್ಬ ಆದ ವಾರಕ್ಕೆ ಹುಟ್ಟಿದ, ರಾಗಿ ಕೊಯ್ಲಿನ ಹೊತ್ತಿಗೆ ಹುಟ್ಟಿದಳು ಎನ್ನುತ್ತಿದ್ದರು. ಆಗ ಶಾಲೆ ತೆರೆಯುತ್ತಿದ್ದದ್ದು ಜೂನ್ ಒಂದಕ್ಕಾದ್ದರಿಂದ ಹಳಬರಲ್ಲಿ ಎಷ್ಟೋ ಜನರ ಹುಟ್ಟುಹಬ್ಬ ಕಾಗದದ ಮೇಲೆ ಜೂನ್ ಒಂದೇ ಆಗಿಬಿಟ್ಟಿದೆ. ಆ ಒಂದು ಸಾಲು ಮುಂದೆ ಎಲ್ಲೆಲ್ಲಿಗೆ ಹೋಗಿ ಸಾಕ್ಷಿ ಹೇಳುತ್ತದೆ ಎಂಬುದು ಬರೆಸುವವರಿಗೂ ತಿಳಿದಿರಲಿಲ್ಲ, ಬಹಳ ಸಲ ಬರೆಯುವವರಿಗೂ ತಿಳಿದಿರಲಿಲ್ಲ.

ಹದಿನೆಂಟು ತುಂಬದವರು ಅಪರಾಧದಲ್ಲಿ ಸಿಕ್ಕಿಬಿದ್ದರೆ ಈಗ ನಡೆಯುವುದು 2015ರ ಬಾಲನ್ಯಾಯ ಕಾಯ್ದೆ. 2016ರ ಜನವರಿ 15ರಿಂದ ಜಾರಿಯಲ್ಲಿದೆ. ಹುಡುಗನ ವಯಸ್ಸಿನ ಬಗ್ಗೆ ಅನುಮಾನ ಬಂದರೆ ಏನು ನೋಡಬೇಕು ಎಂದು ಅದರ 94ನೇ ಕಲಂ ಕ್ರಮವಾಗಿ ಹೇಳುತ್ತದೆ. ಮೊದಲು ಶಾಲೆ ಕೊಟ್ಟ ಹುಟ್ಟಿದ ದಿನದ ಪತ್ರ, ಇಲ್ಲವೇ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಂಥ ಪರೀಕ್ಷಾ ಮಂಡಳಿಯ ಪ್ರಮಾಣಪತ್ರ. ಅದಿಲ್ಲದಿದ್ದರೆ ಪಾಲಿಕೆ, ಪುರಸಭೆ ಅಥವಾ ಪಂಚಾಯಿತಿ ಕೊಟ್ಟ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ಎಲುಬಿನ ಎಕ್ಸ್‌ರೇ ತೆಗೆದು ವೈದ್ಯರು ಹೇಳುವ ವಯಸ್ಸು. ಆ ಎಕ್ಸ್‌ರೇ ಲೆಕ್ಕದಲ್ಲಿ ಎರಡು ವರ್ಷ ಆಚೀಚೆ ಆಗಬಹುದು ಎಂಬುದನ್ನು ಕೋರ್ಟುಗಳೇ ಒಪ್ಪಿವೆ. ಈ ಸಾಲಿನಲ್ಲಿ ಆಧಾರ್ ಇಲ್ಲ ನೋಡು. 2024ರ ಅಕ್ಟೋಬರಿನಲ್ಲಿ ಅಪಘಾತ ಪರಿಹಾರದ ಒಂದು ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು: ಆಧಾರ್ ಗುರುತಿನ ದಾಖಲೆ, ಹುಟ್ಟಿದ ದಿನದ ದಾಖಲೆಯಲ್ಲ. ಅಲ್ಲಿ ಲೆಕ್ಕಕ್ಕೆ ಬಂದದ್ದು ಶಾಲೆಯ ಟಿಸಿ.

ಹಾಗಾದರೆ ಆಧಾರ್ ಬದಲಾದರೆ ನಷ್ಟವೇನು ಎನ್ನುತ್ತೀಯಾ? ನಷ್ಟವಾಗುವುದು ಪೊಲೀಸರು ಹಿಡಿದುಕೊಂಡು ಹೋದ ಮೊದಲ ರಾತ್ರಿ. ಠಾಣೆಯಲ್ಲಿ ಜೇಬಿನಿಂದ ಹೊರಗೆ ಬರುವುದು ಆಧಾರ್ ಮತ್ತು ಗೇಟ್ ಪಾಸ್. ಎರಡರಲ್ಲೂ ಹದಿನೆಂಟು ದಾಟಿದೆ ಎಂದಿದ್ದರೆ ನಿನ್ನ ತಮ್ಮ ದೊಡ್ಡವರ ದಾರಿಯಲ್ಲಿ ಹೋಗುತ್ತಾನೆ. ಎಫ್‌ಐಆರ್, ಲಾಕಪ್, ಮ್ಯಾಜಿಸ್ಟ್ರೇಟ್ ಕೋರ್ಟು, ಜಾಮೀನು ಸಿಗದಿದ್ದರೆ ನ್ಯಾಯಾಂಗ ಬಂಧನ. ಅವನು ಹುಡುಗ ಎಂದು ನೀನು ಊರಿನ ಶಾಲೆಯಿಂದ ಕಾಗದ ತರಿಸಿ ತೋರಿಸುವ ಹೊತ್ತಿಗೆ ಅವನು ಒಳಗೆ ಯಾರ ಪಕ್ಕದಲ್ಲಿ ಮಲಗಿದ್ದನೋ ದೇವರಿಗೇ ಗೊತ್ತು. ಅಪ್ರಾಪ್ತ ಎಂಬ ವಾದವನ್ನು ಯಾವ ಹಂತದಲ್ಲಾದರೂ ಎತ್ತಬಹುದು, ತೀರ್ಪು ಬಂದ ಮೇಲೂ ಎತ್ತಬಹುದು ಎಂದು ಕಾಯ್ದೆಯ 9ನೇ ಕಲಂ ಹೇಳುತ್ತದೆ, ನಿಜ. ಆದರೆ ಒಳಗೆ ಕಳೆದ ರಾತ್ರಿಗಳನ್ನು ಯಾವ ಕಲಮೂ ವಾಪಸು ಕೊಡುವುದಿಲ್ಲ.

ನನ್ನ ತಮ್ಮ ಅಂಥವನಲ್ಲ, ಠಾಣೆಯ ಮಾತು ಯಾಕೆ ಎಂದು ಬೇಜಾರಾಗಬೇಡ. ಕೆಟ್ಟವನಾಗದೆಯೂ ಠಾಣೆ ಮೆಟ್ಟಿಲು ಹತ್ತುವ ದಾರಿಗಳು ಈ ಬಿಡದಿಯಲ್ಲಿ ಬೇಕಾದಷ್ಟಿವೆ. ಸಂಜೆ ಗುಜರಿ ಅಂಗಡಿಯ ಹತ್ತಿರ ಹೋಗಿ ನೋಡು. ತಾಮ್ರದ ತಂತಿಯ ಮೇಲಿನ ಪ್ಲಾಸ್ಟಿಕ್ಕನ್ನು ಸುಟ್ಟು ತೆಗೆಯುವ ಹೊಗೆ, ಅದರ ಸುತ್ತ ಹದಿನೈದು ಹದಿನಾರರ ಹುಡುಗರು. ತಂತಿ ಎಲ್ಲಿಂದ ಬಂತು ಎಂದು ಅವರು ಕೇಳುವುದಿಲ್ಲ, ಕೊಟ್ಟವನು ಹೇಳುವುದೂ ಇಲ್ಲ. ಸಿಕ್ಕಿಬೀಳುವುದು ಮಾತ್ರ ಹುಡುಗರು. ಮಕ್ಕಳನ್ನು ಮುಂದೆ ಬಿಟ್ಟು ಅಕ್ರಮ ಕೆಲಸ ಮಾಡಿಸುವ ದೊಡ್ಡವರಿಗೆ ಏಳು ವರ್ಷದವರೆಗೆ ಕಠಿಣ ಸಜೆ, ಐದು ಲಕ್ಷ ರೂಪಾಯಿ ದಂಡ ಇದೇ ಕಾಯ್ದೆಯ 83ನೇ ಕಲಂನಲ್ಲಿದೆ. ಹುಡುಗ ಹುಡುಗನೇ ಎಂದು ದಾಖಲೆ ಹೇಳಿದರೆ ತಾನೇ ಆ ಕಲಂ ಅವರ ಮೇಲೆ ಬೀಳುವುದು?

ಬೈಕಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ನಿನ್ನ ಗಾಡಿ ತೆಗೆದುಕೊಂಡು ಅವನು ಸರ್ವಿಸ್ ರಸ್ತೆಯಲ್ಲಿ ತಟ್ಟೆ ಇಡ್ಲಿ ಹೋಟೆಲಿನವರೆಗೆ ಹೋಗಿ ಬರುವುದನ್ನು ನೋಡಿದ್ದೇನೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರಕ್ಕೆ ಪ್ರವೇಶವೇ ಇಲ್ಲ. ಹಾಗಾಗಿ ಎಲ್ಲ ಬೈಕುಗಳೂ ಸರ್ವಿಸ್ ರಸ್ತೆಯಲ್ಲೇ, ಲಾರಿ ಕಂಟೇನರುಗಳ ನಡುವೆ. ಅಪ್ರಾಪ್ತ ಓಡಿಸಿದ ಗಾಡಿ ಅಪರಾಧಕ್ಕೆ ಸಿಕ್ಕರೆ ಮೋಟಾರು ವಾಹನ ಕಾಯ್ದೆಯ 199ಎ ಕಲಂ ನಿನ್ನನ್ನು ಹಿಡಿಯುತ್ತದೆ, ಗಾಡಿಯ ಮಾಲೀಕನನ್ನು. ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಎಲ್‌ಎಲ್ಲೂ ಸಿಗುವುದಿಲ್ಲ. ಕೀ ನಿನ್ನ ಜೇಬಿನಲ್ಲೇ ಇರಲಿ.

ಇನ್ನು ಅಕಸ್ಮಾತ್ ಒಂದು ರಾತ್ರಿ ಫೋನ್ ಬಂತು ಎಂದುಕೋ. ಎಲ್ಲರೂ ಮೊದಲು ಮಾಡುವುದು ಲೀಡರುಗಳಿಗೆ ಫೋನು. ವಾರ್ಡ್ ಮೆಂಬರಿಗೆ, ಕಂಟ್ರಾಕ್ಟರಿಗೆ, ಯಾರದೋ ಭಾವಮೈದುನನಿಗೆ. ಅದರಲ್ಲಿ ಅರ್ಧ ರಾತ್ರಿ ಹೋಗುತ್ತದೆ. ನೀನು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನ ಜೆರಾಕ್ಸ್ ತೆಗೆದುಕೊಂಡು ನೇರ ಠಾಣೆಗೆ ಹೋಗು. ಇವನಿಗೆ ಹದಿನೆಂಟು ತುಂಬಿಲ್ಲ ಸರ್, ಮಕ್ಕಳ ಕಲ್ಯಾಣ ಪೊಲೀಸ್ ಅಧಿಕಾರಿ ಯಾರು ಎಂದು ಕೇಳು. ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಅಂಥ ಒಬ್ಬರು ಇರಲೇಬೇಕು. ಹುಡುಗನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಬೇಡಿ ಹಾಕುವಂತಿಲ್ಲ, ಯಾವ ಹೇಳಿಕೆಗೂ ಸಹಿ ತೆಗೆದುಕೊಳ್ಳುವಂತಿಲ್ಲ. ಪ್ರಯಾಣದ ಹೊತ್ತು ಬಿಟ್ಟು ಇಪ್ಪತ್ತನಾಲ್ಕು ಗಂಟೆಯೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಅಂದು ಮಂಡಳಿ ಕೂರುವ ದಿನವಲ್ಲದಿದ್ದರೆ ಅದರ ಒಬ್ಬ ಸದಸ್ಯರ ಮುಂದಾದರೂ ಹಾಜರುಪಡಿಸಬಹುದು. ಕನಿಷ್ಠ ಶಿಕ್ಷೆ ಏಳು ವರ್ಷಕ್ಕಿಂತ ಕಡಿಮೆ ಇರುವ ಅಪರಾಧವಾಗಿದ್ದು ದೊಡ್ಡವರ ಜೊತೆ ಸೇರಿ ಮಾಡಿದ್ದಲ್ಲದಿದ್ದರೆ ಎಫ್‌ಐಆರ್ ಹಾಕದೆ ಠಾಣೆಯ ದಿನಚರಿಯಲ್ಲಿ ಬರೆದು ಮಂಡಳಿಗೆ ಕಳಿಸಬೇಕು ಎಂದು 2016ರ ಮಾದರಿ ನಿಯಮಗಳಲ್ಲಿದೆ. ದನಿ ಏರಿಸಬೇಡ, ವಿನಯದಿಂದಲೇ ಕೇಳು. ಆದರೆ ಕೇಳದೆ ಬರಬೇಡ. ರಾತ್ರಿ ಪಾಳಿಯಲ್ಲಿ ಇರುವ ಪೊಲೀಸರಿಗೂ ನೂರು ಕೆಲಸ. ನೀನು ನೆನಪಿಸಿದ್ದು ಅವರಿಗೂ ಉಪಕಾರವೇ.

ಮಂಡಳಿ ಎಂದರೆ ಒಬ್ಬರು ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಸೇವೆಯಲ್ಲಿ ಅನುಭವವಿರುವ ಸದಸ್ಯರು. ಆ ಇಬ್ಬರಲ್ಲಿ ಒಬ್ಬರಾದರೂ ಹೆಂಗಸು ಇರಬೇಕು. ಎತ್ತರದ ಪೀಠ, ಕಟಕಟೆ ಅಲ್ಲಿ ಇರಬಾರದು ಎಂಬುದೇ ನಿಯಮ. 2025ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರಾಯಿತು. ಜಿಲ್ಲಾ ಕೇಂದ್ರ ಮಾತ್ರ ರಾಮನಗರವೇ, ನೀನು ಹೋಗಬೇಕಾದ್ದು ಅಲ್ಲಿಗೇ. ಜಾಮೀನಿನ ವಿಷಯದಲ್ಲಿ ಇಲ್ಲಿ ಲೆಕ್ಕವೇ ಬೇರೆ. ಅಪರಾಧ ಜಾಮೀನು ಕೊಡಬಹುದಾದ್ದೋ ಅಲ್ಲವೋ ಎಂದು ನೋಡದೆ ಹುಡುಗನನ್ನು ಮನೆಗೆ ಕಳಿಸುವುದೇ ಮೊದಲ ನಿಯಮ. ಹೊರಗೆ ಬಿಟ್ಟರೆ ಕೇಡಿಗಳ ಕೈಗೆ ಬೀಳುತ್ತಾನೆ, ಅವನಿಗೇ ಅಪಾಯ, ಇಲ್ಲವೇ ನ್ಯಾಯಕ್ಕೇ ಭಂಗ ಎನ್ನುವಂತಿದ್ದರೆ ಮಾತ್ರ ವೀಕ್ಷಣಾಲಯಕ್ಕೆ ಕಳಿಸುತ್ತಾರೆ.

ಆಮೇಲೆ ಬರುವವರನ್ನು ಜನ ಸಾಮಾನ್ಯವಾಗಿ ಕಡೆಗಣಿಸುತ್ತಾರೆ: ಪರಿವೀಕ್ಷಣಾಧಿಕಾರಿ. ಮನೆ ಹೇಗಿದೆ, ಅಪ್ಪ ಕುಡಿಯುತ್ತಾನಾ, ಹುಡುಗ ಶಾಲೆ ಯಾಕೆ ಬಿಟ್ಟ, ಯಾರ ಜೊತೆ ಓಡಾಡುತ್ತಾನೆ ಎಂದು ವಿಚಾರಿಸಿ ಎರಡು ವಾರದೊಳಗೆ ವರದಿ ಕೊಡುವುದು ಅವರ ಕೆಲಸ. ಮಂಡಳಿ ತೀರ್ಮಾನ ಮಾಡುವಾಗ ಆ ವರದಿಗೆ ಇರುವ ತೂಕ ದೊಡ್ಡ ವಕೀಲರ ವಾದಕ್ಕೂ ಇರುವುದಿಲ್ಲ. ಅವರು ಬಂದಾಗ ಮಾನ ಹೋಯಿತು ಎಂದು ಬಾಗಿಲು ಹಾಕಿಕೊಳ್ಳಬೇಡ. ಇದ್ದದ್ದು ಇದ್ದ ಹಾಗೆ ಹೇಳು. ಒಂದು ರೂಮಿನಲ್ಲಿ ಆರು ಜನ ಮಲಗುತ್ತೇವೆ, ನಾನು ನೈಟ್ ಶಿಫ್ಟಿಗೆ ಹೋದರೆ ಅವನನ್ನು ನೋಡುವವರಿಲ್ಲ ಎಂದೇ ಹೇಳು. ಪಕ್ಕದವರನ್ನು ಕೇಳಲು ಬಂದರೆ ನಾನಿದ್ದೇನೆ.

ವಿಚಾರಣೆ ನಾಲ್ಕು ತಿಂಗಳಲ್ಲಿ ಮುಗಿಯಬೇಕು, ಬೇಕಾದರೆ ಇನ್ನೆರಡು ತಿಂಗಳು. ತಪ್ಪು ಮಾಡಿದ್ದಾನೆ ಎಂದಾದರೂ ಬುದ್ಧಿ ಹೇಳಿ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ಪರಿವೀಕ್ಷಣೆಯಲ್ಲಿ ಇಡಬಹುದು. ಹೆಚ್ಚೆಂದರೆ ಮೂರು ವರ್ಷ ವಿಶೇಷ ಗೃಹ. ಆದೇಶ ಸರಿಯಿಲ್ಲ ಅನ್ನಿಸಿದರೆ ಮೂವತ್ತು ದಿನದೊಳಗೆ ಮಕ್ಕಳ ನ್ಯಾಯಾಲಯಕ್ಕೆ ಮೇಲ್ಮನವಿ. ಎಲ್ಲಕ್ಕಿಂತ ಮುಖ್ಯ 24ನೇ ಕಲಂ. ಪ್ರಕರಣ ಮುಗಿದ ಮೇಲೆ ಆ ದಾಖಲೆ ನಾಶವಾಗಬೇಕು, ಅದರಿಂದ ಮುಂದೆ ಕೆಲಸಕ್ಕೆ ಅಡ್ಡಿಯಾಗಬಾರದು. ಪೊಲೀಸ್ ವೆರಿಫಿಕೇಷನ್ ಕೇಳುವ ಕಾರ್ಖಾನೆಗಳ ನಡುವೆ ಬದುಕುವ ಹುಡುಗನಿಗೆ ಇದಕ್ಕಿಂತ ದೊಡ್ಡ ಆಸ್ತಿ ಏನಿದೆ ಹೇಳು? ಈ ಮರೆವನ್ನು ಸರ್ಕಾರ ಪಾಲಿಸಿದರೂ ಅಕ್ಕಪಕ್ಕದವರು ಪಾಲಿಸುವುದಿಲ್ಲ. ಸಿಸಿಟಿವಿ ತುಣುಕಿನಲ್ಲಿ ಹುಡುಗನ ಮುಖ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತದೆ. ಹುಡುಗನ ಗುರುತು ಹೊರಹಾಕಿದವರಿಗೆ ಆರು ತಿಂಗಳವರೆಗೆ ಸಜೆ, ಎರಡು ಲಕ್ಷದವರೆಗೆ ದಂಡ. ನಿನ್ನ ಫೋನಿಗೆ ಬೇರೆಯವರ ಮಗನ ಅಂಥ ವಿಡಿಯೋ ಬಂದರೂ ಮುಂದಕ್ಕೆ ಕಳಿಸಬೇಡ.

ಒಂದು ಬಾಗಿಲು ಮಾತ್ರ ಈ ಕಾಯ್ದೆಯಲ್ಲೂ ಬೇರೆ ಕಡೆಗೆ ತೆರೆಯುತ್ತದೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಆ ಬಸ್ಸಿನಲ್ಲಿ ನಡೆದ ಕೃತ್ಯದಲ್ಲಿ ಒಬ್ಬನಿಗೆ ಹದಿನೆಂಟಕ್ಕೆ ಕೆಲವೇ ತಿಂಗಳು ಕಡಿಮೆಯಿತ್ತು. ದೇಶಕ್ಕೆ ಬಂದ ಕೋಪದ ಫಲವಾಗಿ ಕಾಯ್ದೆ ಬದಲಾಯಿತು. ಕನಿಷ್ಠ ಏಳು ವರ್ಷ ಶಿಕ್ಷೆ ಇರುವ ಘೋರ ಅಪರಾಧದಲ್ಲಿ ಹದಿನಾರು ದಾಟಿದ ಹುಡುಗನನ್ನು ಮಂಡಳಿ ಮೊದಲು ಪರಿಶೀಲಿಸಿ, ದೊಡ್ಡವರಂತೆ ವಿಚಾರಣೆಗೆ ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು. ಆಗಲೂ ಮರಣದಂಡನೆ ಇಲ್ಲ, ಬಿಡುಗಡೆಯ ದಾರಿಯೇ ಇಲ್ಲದ ಜೀವಾವಧಿಯೂ ಇಲ್ಲ. ಹದಿನೇಳರ ಹುಡುಗರು ಈ ಬಾಗಿಲಿಗೆ ಹೆಚ್ಚು ಹತ್ತಿರ ಹೋಗುವುದು ಹುಡುಗಿಯರ ವಿಷಯದಲ್ಲಿ. ಅವಳಿಗೆ ಹದಿನೆಂಟು ತುಂಬಿಲ್ಲವೆಂದರೆ ಅವಳು ಒಪ್ಪಿದ್ದಳು ಎಂಬ ಮಾತಿಗೆ ಪೋಕ್ಸೊ ಕಾಯ್ದೆಯಲ್ಲಿ ಬೆಲೆಯಿಲ್ಲ. ಮದುವೆ ಮಾಡಿ ಮುಚ್ಚಿಹಾಕೋಣ ಎಂದು ಹಿರಿಯರು ರಾಜಿ ಪಂಚಾಯಿತಿಗೆ ಕೂರುತ್ತಾರೆ. ಕರ್ನಾಟಕದಲ್ಲಿ ಬಾಲ್ಯವಿವಾಹ ಹುಟ್ಟಿನಿಂದಲೇ ಅಸಿಂಧು, ಆ ಪಂಚಾಯಿತಿಗೆ ಕೂತವರೂ ಸಿಕ್ಕಿಕೊಳ್ಳುತ್ತಾರೆ. ತಮ್ಮನ ಜೊತೆ ಈ ಮಾತು ಆಡುವುದಕ್ಕೆ ನಾಚಿಕೆ ಪಡಬೇಡ. ನೀನು ಆಡದಿದ್ದರೆ ಅವನಿಗೆ ಹೇಳುವವರು ಇನ್ಯಾರೂ ಇಲ್ಲ.

ಹದಿನೆಂಟು ಎಂಬ ಗೆರೆಯನ್ನು ನಾನು ಇಷ್ಟು ಹಿಡಿದುಕೊಂಡು ಮಾತಾಡುವುದಕ್ಕೆ ಕಾರಣ ಇದೆ. ಗೆರೆ ಇಲ್ಲದ ಕಾಲವನ್ನು ಕಂಡಿದ್ದೇನೆ. ಟೊಯೋಟಾ ಬರುವ ಮುಂಚೆ ಈ ಸೀಮೆಯ ಕಾರ್ಖಾನೆ ಎಂದರೆ ರಾಮನಗರ, ಮಾಗಡಿಯ ರೇಷ್ಮೆ ಮನೆಗಳು. ಕುದಿಯುವ ನೀರಿನಿಂದ ಗೂಡು ಎತ್ತಿ ಎಳೆ ಹಿಡಿಯುವ ಕೆಲಸಕ್ಕೆ ಸಣ್ಣ ಬೆರಳು ಒಳ್ಳೆಯದು ಎನ್ನುತ್ತಿದ್ದರು. ವಾರಗಟ್ಟಲೆ ಬಾರದೆ ಒಂದು ದಿನ ಶಾಲೆಗೆ ಬಂದ ಹುಡುಗ ಬಳಪ ಹಿಡಿಯುವುದಕ್ಕೆ ಒದ್ದಾಡುತ್ತಿದ್ದ. ಬೆರಳ ತುದಿಯ ಚರ್ಮ ಬೆಂದು ಬಿಳಿಚಿ ಸುಲಿದಿರುತ್ತಿತ್ತು, ಮೈಯೆಲ್ಲ ಹುಳದ ವಾಸನೆ. ಅಪ್ಪ ತೆಗೆದುಕೊಂಡ ಮುಂಗಡಕ್ಕೆ ಮಗ ದುಡಿಯುತ್ತಿದ್ದ. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 1996ರಲ್ಲೂ 2003ರಲ್ಲೂ ಭಾರತದ ಜೀತ ಮಕ್ಕಳ ಬಗ್ಗೆ ವರದಿ ಬರೆದಾಗ ಕರ್ನಾಟಕದ ರೇಷ್ಮೆ ಉದ್ದಿಮೆ ಅದರಲ್ಲಿತ್ತು. ಟೊಯೋಟಾಗೆ ಮುಂಚಿನ ಆ ಕಾಲದಲ್ಲಿ ಕಾನೂನು ಹುಡುಗನನ್ನು ಹುಡುಗ ಎನ್ನುತ್ತಿದ್ದದ್ದು ಹದಿನಾರರವರೆಗೆ ಮಾತ್ರ. 1986ರ ಕಾಯ್ದೆ ಹಾಗಿತ್ತು, ಹುಡುಗಿಗೆ ಹದಿನೆಂಟು. ಮಕ್ಕಳ ಹಕ್ಕುಗಳ ಒಡಂಬಡಿಕೆಗೆ 1992ರಲ್ಲಿ ಭಾರತ ಸೇರಿದ ಮೇಲೆ, 2000ದ ಕಾಯ್ದೆಯಲ್ಲಿ ಇಬ್ಬರಿಗೂ ಹದಿನೆಂಟಾಯಿತು. ಈಗ ಹದಿನಾಲ್ಕರೊಳಗಿನವರಿಗೆ ಕೂಲಿಕೆಲಸವೇ ಇಲ್ಲ, ಹದಿನೆಂಟರೊಳಗಿನವರಿಗೆ ಅಪಾಯದ ಕೆಲಸವಿಲ್ಲ. ನಿನ್ನ ಕಂಟ್ರಾಕ್ಟರು ಹದಿನೆಂಟು ಕೇಳುವುದು ಆ ಹುಡುಗರ ಸುಟ್ಟ ಬೆರಳುಗಳ ಬೆಲೆಗೆ ಬಂದ ನಿಯಮ.

ಕಾಗದದ ವಿಷಯಕ್ಕೆ ಬರುತ್ತೇನೆ. ತಮ್ಮನ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡು, ಟಿಸಿ, ಜನನ ಪತ್ರ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡು. ಮೂರರಲ್ಲೂ ಒಂದೇ ದಿನಾಂಕ ಇರಬೇಕು. ಜನನ ಪತ್ರ ಇಲ್ಲದಿದ್ದರೆ ಊರಿನಲ್ಲಿ ಈಗಲೇ ಅರ್ಜಿ ಹಾಕಿಸು. ಇಪ್ಪತ್ತೊಂದು ದಿನದೊಳಗೆ ನೋಂದಾಯಿಸಿದರೆ ಸುಲಭ. ವರ್ಷ ದಾಟಿದ್ದರೆ ಮೊದಲು ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು, 2023ರ ತಿದ್ದುಪಡಿಯ ಮೇಲೆ ಆ ಅಧಿಕಾರ ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿಗಳಿಗೆ ಹೋಗಿದೆ. ಅದೇ ತಿದ್ದುಪಡಿಯಿಂದ, 2023ರ ಅಕ್ಟೋಬರ್ 1ರ ನಂತರ ಹುಟ್ಟಿದ ಮಕ್ಕಳಿಗೆ ಶಾಲೆಗೂ ಲೈಸೆನ್ಸಿಗೂ ಮತದಾರರ ಪಟ್ಟಿಗೂ ಜನನ ಪ್ರಮಾಣಪತ್ರ ಒಂದೇ ಆಧಾರ. ನಿನ್ನ ಹೆಂಡತಿಗೆ ಈಗ ಏಳನೇ ತಿಂಗಳು. ಹೆರಿಗೆ ಇಲ್ಲಾಗಲಿ ಊರಲ್ಲಾಗಲಿ, ಇಪ್ಪತ್ತೊಂದು ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೋ. ಪಿಎಫ್ ಇದೆಯಲ್ಲ, ಅದರಲ್ಲೂ ಮೊದಲು ಬರೆಸಿದ ಹುಟ್ಟಿದ ದಿನವೇ ಅಂಟಿಕೊಳ್ಳುತ್ತದೆ. ಆಧಾರ್ ಒಂದು, ಟಿಸಿ ಇನ್ನೊಂದು ಎಂದಾದರೆ ದುಡಿದ ದುಡ್ಡು ಬಿಡಿಸಿಕೊಳ್ಳುವುದಕ್ಕೆ ವರ್ಷಗಟ್ಟಲೆ ಅಲೆಯಬೇಕು.

ವಕೀಲರ ಖರ್ಚಿನ ಭಯ ನಿನಗೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂನಲ್ಲಿ ಯಾರಿಗೆ ಉಚಿತ ವಕೀಲರು ಎಂದು ಪಟ್ಟಿ ಇದೆ. ಹೆಂಗಸರು, ಮಕ್ಕಳು, ಪರಿಶಿಷ್ಟರು ಎಂಬುದು ಕೆಲವರಿಗೆ ಗೊತ್ತು. ಅದೇ ಪಟ್ಟಿಯಲ್ಲಿ ಕೈಗಾರಿಕಾ ಕಾರ್ಮಿಕ ಎಂದೂ ಇದೆ, ಅವನ ಆದಾಯ ಎಷ್ಟೇ ಇರಲಿ. ಇಷ್ಟು ಕಾರ್ಖಾನೆಗಳಿರುವ ಬಿಡದಿಯಲ್ಲಿ ಈ ಒಂದು ಮಾತು ಎಲ್ಲ ಗೇಟಿನ ಮೇಲೂ ಬರೆದಿರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ರಾಮನಗರದಲ್ಲಿದೆ, 15100ಕ್ಕೆ ಫೋನ್ ಮಾಡಿದರೂ ದಾರಿ ಹೇಳುತ್ತಾರೆ. ಮಗುವೇ ಕಷ್ಟದಲ್ಲಿದ್ದರೆ 1098. ತಪ್ಪು ಮಾಡಿದ ಹುಡುಗನಿಗೆ ಮಂಡಳಿ ಇರುವ ಹಾಗೆ, ಬೀದಿಗೆ ಬಿದ್ದ, ದುಡಿಮೆಗೆ ಹಾಕಿದ, ಹೊಡೆಸಿಕೊಂಡ ಮಗುವಿಗೆ ಮಕ್ಕಳ ಕಲ್ಯಾಣ ಸಮಿತಿ ಇದೆ. ಎರಡೂ ಬೇರೆ ಬೇರೆ, ಅದು ಇದು ಕಲಸಿಕೊಳ್ಳಬೇಡ.

ವಾರ್ಡ್ ಮೆಂಬರಿಗೆ ಫೋನ್ ಮಾಡಬೇಡ ಎಂದೆನಲ್ಲ, ಅದು ಆ ರಾತ್ರಿಯ ಮಾತು. ಠಾಣೆಯ ಮೇಲಾಗಲಿ ಮಂಡಳಿಯ ಮೇಲಾಗಲಿ ಪುರಸಭೆಗೆ ಅಧಿಕಾರವಿಲ್ಲ. ಆದರೆ ಹುಡುಗರು ಗುಜರಿ ಹೊಗೆಯ ಸುತ್ತ ಸೇರದ ಹಾಗೆ ಮಾಡುವ ಕೆಲಸ ಅವರದ್ದೇ. ಸಂಜೆ ಕೂರುವುದಕ್ಕೆ ಗ್ರಂಥಾಲಯ, ಆಡುವುದಕ್ಕೆ ಬಯಲು, ಗಲ್ಲಿಗೆ ಬೀದಿದೀಪ. ಬೈರಮಂಗಲದ ಕಡೆಯ ಹಳ್ಳಿಗಳಲ್ಲಿ ಪಂಚಾಯಿತಿಯವರು ಮಕ್ಕಳ ಗ್ರಾಮಸಭೆ ನಡೆಸಬೇಕು. 2006ರಿಂದ ರಾಜ್ಯದಲ್ಲಿ ಆ ನಿಯಮವಿದೆ. ಅಲ್ಲಿ ಮಕ್ಕಳೇ ಎದ್ದು ನಿಂತು ಶಾಲೆ ದಾರಿಯಲ್ಲಿ ಮದ್ಯದ ಅಂಗಡಿ ಇದೆ, ಶೌಚಾಲಯಕ್ಕೆ ನೀರಿಲ್ಲ ಎಂದು ಹೇಳಿದ್ದನ್ನು ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಬೇಕು. ಪಟ್ಟಣವಾದ ಬಿಡದಿಯಲ್ಲಿ, ಅದರಲ್ಲೂ ಬಾಡಿಗೆ ರೂಮುಗಳ ಗಲ್ಲಿಯಲ್ಲಿ, ಅಷ್ಟೂ ಕೇಳುವವರಿಲ್ಲ. ಕಾರ್ಖಾನೆ ರಸ್ತೆ ಕೈಗಾರಿಕಾ ಪ್ರದೇಶಾಭಿವೃದ್ಧಿಯ ಕೆಐಎಡಿಬಿ ಮಾಡಿಸಿದ್ದು, ಗಲ್ಲಿ ಪುರಸಭೆಯದ್ದು, ನಡುವಿನ ಕತ್ತಲೆ ಯಾರದ್ದೂ ಅಲ್ಲ ಎನ್ನುವ ಹಾಗಾಗಿದೆ.

ಯಾಕೆ ಕೇಳುವುದಿಲ್ಲ ಗೊತ್ತಾ? ಈ ಗಲ್ಲಿಯಲ್ಲಿ ಮನೆ ತುಂಬ ಜನ ಇದ್ದರೂ ಓಟು ನನ್ನದು, ನನ್ನ ಮನೆಯವಳದು ಅಷ್ಟೆ. ನಿಮ್ಮೆಲ್ಲರ ಓಟು ಊರಿನಲ್ಲೇ ಇದೆ. ನೀನು ಇಲ್ಲಿಗೆ ಬಂದು ವರ್ಷಗಳಾದವು, ಮಗುವೂ ಇಲ್ಲೇ ಬೆಳೆಯುತ್ತದೆ. ಬಿಡದಿ ಹೋಬಳಿ ಇರುವುದು ರಾಮನಗರ ತಾಲ್ಲೂಕಿನಲ್ಲಾದರೂ ವಿಧಾನಸಭೆಗೆ ಮಾಗಡಿ ಕ್ಷೇತ್ರಕ್ಕೆ ಸೇರುತ್ತದೆ, ಪುರಸಭೆ ಚುನಾವಣೆಗೂ ಅದೇ ಪಟ್ಟಿಯ ಆಧಾರ. ವಿಳಾಸ ಬದಲಾದವರಿಗೆ ಫಾರಂ 8, ಫೋನಿನಲ್ಲೇ ತುಂಬಬಹುದು. ವಿಳಾಸಕ್ಕೆ ದಾಖಲೆ ಕೇಳುತ್ತಾರೆ, ಬಾಡಿಗೆ ಕರಾರು ಬರೆದುಕೊಡುವುದಕ್ಕೆ ಮನೆ ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ಈ ಭಾನುವಾರ ನಿನಗೆ ರಜೆ ತಾನೇ, ಛಾಪಾ ಕಾಗದ ತಂದುಬಿಡು. ಕರಾರಿಗೆ ನಾನು ಸಹಿ ಹಾಕಿಕೊಡುತ್ತೇನೆ. ಮೇಲಿನ ರೂಮಿನ ಮೂವರು ಹುಡುಗರಿಗೂ ಹೇಳು, ಅವರದ್ದನ್ನೂ ಅಂದೇ ಮಾಡಿ ಮುಗಿಸೋಣ.